ಮುಷ್ಟಿ ಟೀಚರ್ ಮತ್ತು ಕೆಳಗಿನ ಸಾಲು

ಮಕ್ಕಳ ಕೈಗೆ ಯಾವ ಪುಸ್ತಕ ಕೊಡಬೇಕು ಅನ್ನುವುದರಲ್ಲಿ ಮುಷ್ಟಿ ಟೀಚರ್ ಎತ್ತಿದ ಕೈ. ಈ ಮಾತನ್ನು ಅವರನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಕಂಡರಾಗದವರೇನು ಕಮ್ಮಿ ಇರಲಿಲ್ಲ ಬಿಡಿ. ಸ್ಕೂಲಿನಲ್ಲಿ ಪಾಠ ಮಾಡಿದ್ದು ನಾಲ್ಕೇ ವರ್ಷ. ಹೆಡ್‌ಮಾಸ್ಟರ ಜೊತೆ ಜಗಳ ತೆಗೆದು, ರಾಜೀನಾಮೆ ಪತ್ರವನ್ನು ಅವರ ಮೇಜಿನ ಮೇಲೆ ಕುಕ್ಕಿ ಬಂದವರು. ಆಮೇಲೆ ಇಪ್ಪತ್ತೆರಡು ವರ್ಷದಿಂದ ಲೈಬ್ರರಿಯ ಮಹಡಿ ಮೇಲಿನ ಮಕ್ಕಳ ಕೋಣೆ ಅವರದೇ ರಾಜ್ಯ. ಉದ್ದನೆಯ ಇಕ್ಕಟ್ಟು ಕೋಣೆ, ರಸ್ತೆಗೆ ತೆರೆಯುವ ಒಂದೇ ಕಿಟಕಿ, ಒಂದು ಕಾಲಿಗೆ ರಟ್ಟು ತುರುಕಿದ ಮೇಜು, ಆರು ಸ್ಟೂಲು, ಗೋಡೆಗುಂಟ ಮಕ್ಕಳ ಎತ್ತರಕ್ಕೆ ಮಾಡಿಸಿದ ಮೂರು ಸಾಲಿನ ಕಪಾಟು.

ಹೊಸ ಪುಸ್ತಕದ ಕಟ್ಟು ಬಂದ ದಿನ ಟೀಚರ ಮುಖ ನೋಡಬೇಕಿತ್ತು. ನೆಲದ ಮೇಲೆ ಕಾಲು ಚಾಚಿ ಕೂತು, ಕನ್ನಡಕ ಏರಿಸಿ, ಒಂದೊಂದನ್ನೂ ತಾವೇ ಗಟ್ಟಿಯಾಗಿ ಓದುತ್ತಿದ್ದರು. ಮೊದಲು ನಾಲಿಗೆಗೆ ಒಪ್ಪಬೇಕು. ಆಮೇಲೆ ಅಕ್ಷರ ಚಿತ್ರದ ಮೇಲೆ ಹತ್ತಿ ಕೂತಿರಬಾರದು. ಚಿತ್ರವೇ ಎಲ್ಲ ಹೇಳಿಬಿಟ್ಟರೆ ಮಗು ಓದುವುದಾದರೂ ಯಾಕೆ? ಕಾಗದ ಹೊಳೆಯಬಾರದು. ಸಾಲು ಪದದ ನಡು ಮುರಿದು ಕೆಳಗೆ ಬೀಳಬಾರದು. ಪುಟದ ಕೊನೆ ಎಂಥ ಕಡೆ ಬರಬೇಕೆಂದರೆ, ಮಗುವಿಗೆ ಮುಂದಿನ ಪುಟ ತಿರುಗಿಸಲು ಕೈ ತುರಿಸಬೇಕು. ಮಾತಾಡುವ ಪ್ರಾಣಿ ಬಂದರೆ ಪರವಾಗಿಲ್ಲ, ಅದು ಬುದ್ಧಿ ಹೇಳಲು ಶುರುಮಾಡಿತೋ, ಆ ಪುಸ್ತಕ ಸೀದಾ ಮೇಜಿನ ಕೆಳಗಿನ ಚೀಲಕ್ಕೆ. ಆ ಚೀಲಕ್ಕೆ ಅವರು ಇಟ್ಟ ಹೆಸರು ‘ಉಪದೇಶದ ಮೂಟೆ’.

ಒಮ್ಮೆ ಒಬ್ಬ ತಾಯಿ ಬಂದು, "ಟೀಚರ್, ನಮ್ಮ ಮಗನಿಗೆ ಏನಾದ್ರೂ ಒಳ್ಳೆ ನೀತಿ ಇರೋ ಪುಸ್ತಕ ಕೊಡಿ" ಅಂದರು.

"ಅವನಿಗೆ ಕಥೆ ಸಾಕು. ನೀತಿ ನೀವು ತಗೊಂಡ್ಹೋಗಿ, ನಿಮಗೆ ಬೇಕಾದಷ್ಟು ಇದೆ" ಅಂತ ಟೀಚರ್ ಇಡೀ ಮೂಟೆಯನ್ನೇ ಮುಂದೆ ತಳ್ಳಿದರು. ಆ ತಾಯಿ ಮತ್ತೆ ಮಹಡಿ ಹತ್ತಲಿಲ್ಲ. ಮಗ ಮಾತ್ರ ಹತ್ತುತ್ತಲೇ ಇದ್ದ.

ಇನ್ನು ಮುಷ್ಟಿಯ ವಿಷಯ. ಮಗು ತನಗೆ ಬೇಕಾದ ಪುಸ್ತಕ ಆರಿಸಿಕೊಂಡು ಟೀಚರ ಎದುರಿನ ಸ್ಟೂಲಿನ ಮೇಲೆ ಕೂರಬೇಕು. ಪುಸ್ತಕ ಮೇಜಿನ ಮೇಲೆ, ಮಗುವಿನ ಎಡಗೈ ಟೀಚರ ಕೈಯಲ್ಲಿ. ಒಂದು ಪುಟ ಗಟ್ಟಿಯಾಗಿ ಓದಬೇಕು. ತಡವರಿಸಿದ ಒಂದೊಂದು ಪದಕ್ಕೂ ಟೀಚರ್ ಒಂದೊಂದು ಬೆರಳು ಮಡಚುತ್ತಾರೆ. ಒಂದೂ ಮಡಚದಿದ್ದರೆ ಪುಸ್ತಕ ತೀರಾ ಸುಲಭ. ಎರಡೋ ಮೂರೋ ಮಡಚಿದರೆ ಹೇಳಿ ಮಾಡಿಸಿದ ಪುಸ್ತಕ, ಮನೆಗೆ ಒಯ್ಯಬಹುದು. ಐದೂ ಮಡಚಿ ಮುಷ್ಟಿಯಾಯಿತೋ, ಪುಸ್ತಕ ವಾಪಸ್ಸು, ಒಂದು ಸಾಲು ಕೆಳಗಿಳಿ. ಕೆಳಗಿನ ಸಾಲಿನಲ್ಲಿ ದಪ್ಪ ಅಕ್ಷರದ, ಪುಟಕ್ಕೆ ಎರಡು ಗೆರೆಯ ಪುಸ್ತಕಗಳು. ನಡುವಿನ ಸಾಲಿನಲ್ಲಿ ಇನ್ನಷ್ಟು ಸಣ್ಣ ಅಕ್ಷರ, ಒತ್ತಕ್ಷರ, ಪುಟಕ್ಕೆ ಹತ್ತು ಗೆರೆ. ಮೇಲಿನ ಸಾಲು ಅಂದರೆ ಅಧ್ಯಾಯ ಅಧ್ಯಾಯವಾಗಿ ಓದುವ ದಪ್ಪ ಪುಸ್ತಕಗಳು. ಅಲ್ಲಿಗೆ ಹತ್ತಿದ ಮಗು ಇನ್ನು ಯಾರ ಹಂಗೂ ಇಲ್ಲದೆ ಓದಬಲ್ಲದು ಅಂತ ಲೆಕ್ಕ.

ಮುಷ್ಟಿಯಾದ ಮಕ್ಕಳು ಅಳುತ್ತಿದ್ದವು. "ಅಳೋಕೆ ಮೆಟ್ಟಿಲ ಹತ್ರ ಜಾಗ ಇದೆ. ಇಲ್ಲಿ ಓದೋಕೆ ಮಾತ್ರ" ಅನ್ನುತ್ತಿದ್ದರು ಟೀಚರ್. ಆದರೆ ನಿಜವನ್ನು ನಿಜ ಅನ್ನಲೇಬೇಕು. ಅಳತೆಗೆ ತಕ್ಕ ಪುಸ್ತಕ ಸಿಕ್ಕ ಮಕ್ಕಳು ತಿಂಗಳೊಪ್ಪತ್ತಿನಲ್ಲಿ ಸರಾಗ ಓದುತ್ತಿದ್ದವು. ಬೈಸಿಕೊಂಡವರೇ ದೊಡ್ಡವರಾಗಿ ತಮ್ಮ ಮಕ್ಕಳ ಕೈ ಹಿಡಿದು ಅದೇ ಸ್ಟೂಲಿಗೆ ತಂದು ಕೂರಿಸುತ್ತಿದ್ದರು. ಜನಕ್ಕೆ ಬುದ್ಧಿ ಬರುವುದು ಹಾಗೇ ಅಲ್ಲವೇ.

ಟೀಚರಿಗೆ ಒಬ್ಬನೇ ಮಗ, ಎಲೆಕ್ಟ್ರಿಷಿಯನ್. ಕರೆಂಟಿನ ಮೀಟರು ಬಿಟ್ಟು ಬೇರೇನನ್ನೂ ಓದಿದವನಲ್ಲ. ಊರ ಮಕ್ಕಳನ್ನೆಲ್ಲ ಓದಿಗೆ ಹಚ್ಚಿದ ತಾಯಿಗೆ ಇದೊಂದು ತೀರದ ಅವಮಾನ. ಸೊಸೆಯೋ, ಏಳನೇ ಕ್ಲಾಸಿಗೆ ಓದು ಬಿಟ್ಟು ಹೊಲಿಗೆ ಕಲಿತವಳು. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ಹೊಲಿಯುತ್ತಾಳೆ. ಹಾಗಾಗಿ ಟೀಚರ ಆಸೆಯೆಲ್ಲ ಮೊಮ್ಮಗಳ ತಲೆ ಮೇಲೆ ಬಂದು ಕೂತಿತು. ಮಗು ಮೂರು ವರ್ಷಕ್ಕೇ ಒಂದಕ್ಷರ ಬಿಡದೆ ಕಥೆ ಹೇಳುತ್ತಿದ್ದುದರಿಂದ ಅವಳಿಗೆ ‘ಚೂಟಿ’ ಅಂತ ಹೆಸರಿಟ್ಟವರೂ ಅವರೇ.

"ಐದಕ್ಕೆ ಕೆಳಗಿನ ಸಾಲು, ಆರಕ್ಕೆ ನಡುವಿನದು, ಎಂಟು ತುಂಬೋದರೊಳಗೆ ಮೇಲಿನ ಸಾಲು. ಬರೆದಿಟ್ಟುಕೊಳ್ಳಿ" ಅಂತ ಕಂಡವರಿಗೆಲ್ಲ ಸಾರಿದ್ದರು. ಪ್ರತಿ ವರ್ಷ ಒಂದು ಭಾನುವಾರ, ಮೇಲಿನ ಸಾಲಿಗೆ ಹತ್ತಿದ ಮಕ್ಕಳು ಕೆಳಗಿನ ಹಾಲ್‌ನಲ್ಲಿ ತಂದೆ ತಾಯಿಗಳ ಎದುರು ನಿಂತು ಒಂದೊಂದು ಪುಟ ಓದುವ ಪದ್ಧತಿ ಇತ್ತು. ಆ ವೇದಿಕೆ ಮೇಲೆ ಚೂಟಿ ನಿಲ್ಲಬೇಕು, ತಾನು ಮುಂದಿನ ಸಾಲಿನಲ್ಲಿ ಕೂತು ಕೇಳಬೇಕು. ಟೀಚರಿಗೆ ಬದುಕಿನಲ್ಲಿ ಬೇರೆ ಆಸೆ ಉಳಿದಿರಲಿಲ್ಲ.

ಐದಕ್ಕೆ ಕೆಳಗಿನ ಸಾಲು ಸರಿಯಾಗೇ ಆಯಿತು. ದಪ್ಪ ಅಕ್ಷರದ ಪುಸ್ತಕಗಳನ್ನು ಚೂಟಿ ನೀರು ಕುಡಿದ ಹಾಗೆ ಓದಿದಳು. ಆರಕ್ಕೆ ನಡುವಿನ ಸಾಲಿನ ಪುಸ್ತಕ ಹಿಡಿದು ಸ್ಟೂಲಿನ ಮೇಲೆ ಕೂತಳು. ಮೊದಲ ಗೆರೆಯಲ್ಲೇ ಎರಡು ಬೆರಳು ಹೋಯಿತು. ಮೂರನೇ ಗೆರೆಗೆ ಮುಷ್ಟಿ.

ಟೀಚರಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಪುಸ್ತಕ ಕೊಟ್ಟರು. ಮುಷ್ಟಿ. ಮತ್ತೊಂದು. ಮುಷ್ಟಿ. ಸುತ್ತ ನಿಂತ ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಟೀಚರ ಕಿವಿ ಕೆಂಪಾಯಿತು.

"ಒತ್ತಕ್ಷರ ಬರಲ್ವೇನೇ ನಿನಗೆ?"

"ಬರುತ್ತೆ ಅಜ್ಜಿ."

"ಇಲ್ಲಿ ನಾನು ಅಜ್ಜಿ ಅಲ್ಲ, ಟೀಚರ್. ಬರುತ್ತೆ ಅಂದ್ರೆ ಓದು ಮತ್ತೆ! ಅದ್ಯಾಕೆ ಹಿಂದೆ ಹಿಂದೆ ಹೋಗ್ತೀಯ? ಪುಸ್ತಕ ಏನು ಕಚ್ಚುತ್ತಾ? ಬಗ್ಗಿ ನೋಡು!" ಅಂತ ಕತ್ತಿನ ಹಿಂಬದಿಗೆ ಕೈಯಿಟ್ಟು ಮಗುವಿನ ಮುಖವನ್ನು ಪುಟದ ಹತ್ತಿರಕ್ಕೆ ಅದುಮಿದರು. ಚೂಟಿ ಕಣ್ಣು ಕಿರಿದು ಮಾಡಿ ಅಕ್ಷರಗಳನ್ನು ದಿಟ್ಟಿಸಿದಳು, ಊಹೆ ಮಾಡಿ ಏನೋ ಹೇಳಿದಳು, ಅದೂ ತಪ್ಪಾಯಿತು.

ಬೇರೆ ಮಗುವಾಗಿದ್ದರೆ ಟೀಚರ್ ಅಷ್ಟಕ್ಕೆ ಬಿಡುತ್ತಿದ್ದರೋ ಏನೋ. ಸ್ವಂತ ಮೊಮ್ಮಗಳು ನೋಡಿ! ಸಡಿಲ ಬಿಟ್ಟರೆ ಊರವರು ಆಡಿಕೊಳ್ಳುವುದಿಲ್ಲವೇ? ಹಾಗಾಗಿ ಎಲ್ಲರಿಗೂ ವಾರಕ್ಕೊಂದು ಪರೀಕ್ಷೆಯಾದರೆ ಚೂಟಿಗೆ ದಿನಾ. ಎಲ್ಲರಿಗೂ ಒಂದು ಪುಟವಾದರೆ ಅವಳಿಗೆ ಎರಡು. ಆರು ತಿಂಗಳು ಕಳೆಯಿತು, ವರ್ಷ ಕಳೆಯಿತು, ಅವಳಿಗಿಂತ ಚಿಕ್ಕವರು ನಡುವಿನ ಸಾಲಿಗೆ ಹತ್ತಿದರು, ಕೆಲವರು ಮೇಲಿನ ಸಾಲಿಗೂ ಕೈ ಚಾಚಿದರು. ಚೂಟಿ ಅಲ್ಲೇ. ಮಕ್ಕಳು ಅವಳ ಹೆಸರು ಮರೆತು ‘ಕೆಳಸಾಲು’ ಅಂತ ಕರೆಯಲು ಶುರುಮಾಡಿದರು. "ಏ ಕೆಳಸಾಲು, ಸರಿ ಆಚೆ!" ಟೀಚರ ಕಿವಿಗೂ ಅದು ಬಿತ್ತು. ಅವರು ತಡೆಯಲಿಲ್ಲ. ನಾಚಿಕೆಯಾದರೆ ಛಲ ಬರುತ್ತದೆ ಅನ್ನುವುದು ಅವರ ಎಣಿಕೆ.

ಸೊಸೆಗೆ ಮಾತ್ರ ಮೊದಲಿನಿಂದಲೂ ಏನೋ ಅನುಮಾನ. ಆಗಿನ್ನೂ ಚೂಟಿಗೆ ಆರು ತುಂಬಿ ಒಂದೆರಡು ತಿಂಗಳಾಗಿತ್ತು, ಅಷ್ಟೇ. ಸೂಜಿಗೆ ದಾರ ಪೋಣಿಸಿ ಕೊಡು ಅಂದರೆ ಮಗು ಸೂಜಿಯನ್ನು ಕೈ ನೀಡಿದಷ್ಟು ದೂರ ಹಿಡಿದು, ದಾರದ ತುದಿಯನ್ನು ಗಾಳಿಯಲ್ಲಿ ತಿವಿಯುತ್ತಿತ್ತು. ಒಂದು ದಿನ ಸಂಜೆ ಸೊಸೆ ಮೆಷಿನ್ ನಿಲ್ಲಿಸಿ ಕೇಳಿದಳು:

"ಅತ್ತೆ, ಚೂಟಿ ಕಣ್ಣು ಒಂದು ಸಲ ಡಾಕ್ಟರಿಗೆ ತೋರಿಸೋಣ್ವಾ? ಪುಸ್ತಕ ತೆಗೆದ್ರೆ ತಲೆನೋವು ಅಂತಾಳೆ."

ಟೀಚರ್ ನಕ್ಕರು. ನಕ್ಕದ್ದು ಬೈಗುಳಕ್ಕಿಂತ ಖಾರವಾಗಿತ್ತು. "ಓದೋಕೆ ಕೂರಿಸಿದ್ರೆ ನಿನ್ನ ಗಂಡನಿಗೂ ತಲೆನೋವು ಬರ್ತಿತ್ತು, ಅವನ ಕಣ್ಣು ಈಗೇನಾಗಿದೆ? ಚೂಟೀ, ಬಾ ಇಲ್ಲಿ. ಆ ಬಸ್ಸಿನ ಬೋರ್ಡ್ ಓದು."

ಬಸ್ಸು ಇನ್ನೂ ರಸ್ತೆಯ ಆ ತುದಿಯಲ್ಲಿತ್ತು. ಚೂಟಿ ಟಕ್ಕಂತ ಓದಿದಳು. ಎದುರು ಸಾಲಿನ ಅಂಗಡಿಗಳ ಹೆಸರನ್ನೂ ಕೇಳದೆಯೇ ಓದಿದಳು, ಒತ್ತಕ್ಷರದ ಸಮೇತ.

"ನೋಡಿದ್ಯಾ? ಹದ್ದಿನ ಕಣ್ಣು ನನ್ನ ಮೊಮ್ಮಗಳದು. ಕಣ್ಣಿಗೇನೂ ಬಂದಿಲ್ಲ, ಮನಸ್ಸಿಗೆ ಬಂದಿರೋದು. ಪುಸ್ತಕ ಕಂಡ್ರೆ ಸೋಮಾರಿತನ. ಅದು ಯಾರ ಕಡೆಯಿಂದ ಬಂತು ಅಂತ ನಾನು ಬಾಯಿಬಿಟ್ಟು ಹೇಳಬೇಕಾ? ಇಪ್ಪತ್ತೈದು ವರ್ಷ ಆಗ್ತಾ ಬಂತು ನಾನು ಮಕ್ಕಳನ್ನ ನೋಡ್ತಾ. ನೀನು ಎಷ್ಟು ಪುಸ್ತಕ ಓದಿದ್ದೀಯಮ್ಮ?"

ಸೊಸೆ ಮೆಷಿನ್ನಿನ ಪೆಡಲ್ ಒತ್ತಿದಳು. ಗಂಡನಿಗೆ ಹೇಳಿದರೆ ಅವನು, "ಅಮ್ಮನಿಗೆ ಗೊತ್ತಿರಲ್ವಾ ಬಿಡೇ, ಸುಮ್ನೆ ಯಾಕೆ ರಗಳೆ" ಅಂದ. ಸ್ಕೂಲಿನ ಮಿಸ್ಸನ್ನು ಕೇಳಿದರೆ, "ಬೋರ್ಡ್ ಮೇಲಿರೋದೆಲ್ಲ ಚೆನ್ನಾಗಿ ಓದ್ತಾಳೆ, ಪುಸ್ತಕದಲ್ಲೇ ಗಮನ ಇಲ್ಲ. ಅವಳಜ್ಜಿ ಇದಾರಲ್ಲ, ಅವರಿಗಿಂತ ನಾವು ಹೇಳೋದೇನಿದೆ?" ಅಂದರು. ಹೀಗೆ ಎಲ್ಲರೂ ಸೇರಿ ಟೀಚರ ಕಡೆ ಬೆರಳು ತೋರಿಸಿ ಕೈ ತೊಳೆದುಕೊಂಡರು, ಸೊಸೆಯ ಬಾಯಿಗೆ ಬೀಗ ಬಿತ್ತು.

ಎರಡು ವರ್ಷ. ಹೇಳಲು ಎರಡೇ ಪದ. ಆ ಎರಡು ವರ್ಷದಲ್ಲಿ ಚೂಟಿ ಕಲಿತದ್ದೇನು ಅಂತ ಕೇಳಿ. ಪುಸ್ತಕ ತೆರೆಯುವ ಮೊದಲೇ ತಾನೇ ಹೆಬ್ಬೆರಳು ಮಡಚಿ ಕೊಡುವುದನ್ನು ಕಲಿತಳು. ಕಥೆ ಹೇಳುವುದನ್ನು ಬಿಟ್ಟಳು. ಯಾರಾದರೂ "ಏನಮ್ಮ ಓದ್ತಿದ್ದೀಯ?" ಅಂದರೆ, "ನಾನು ದಡ್ಡಿ, ಕೆಳಗಿನ ಸಾಲು" ಅಂತ ತನ್ನ ಕ್ಲಾಸಿನ ನಂಬರು ಹೇಳುವಷ್ಟೇ ಸಲೀಸಾಗಿ ಹೇಳುವುದನ್ನು ಕಲಿತಳು. ಅವಳಿಗೆ ಎಂಟು ತುಂಬಿತು. ಆ ವರ್ಷದ ಓದಿನ ಭಾನುವಾರ ಬಂತು, ಹೋಯಿತು. ವೇದಿಕೆ ಮೇಲೆ ಏಳು ಮಕ್ಕಳು ಓದಿದರು. ಚೂಟಿ ಬಾಗಿಲ ಹತ್ತಿರ ನಿಂತು ಬಂದವರಿಗೆ ನೀರು ಕೊಟ್ಟಳು. ಟೀಚರ್ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗೂ ಚಪ್ಪಾಳೆ ತಟ್ಟಿ, ಮನೆಗೆ ಬಂದು ಮೂರು ದಿನ ಮೊಮ್ಮಗಳ ಜೊತೆ ಮಾತಾಡಲಿಲ್ಲ.

ಅದಾಗಿ ಒಂದು ವಾರ. ಲೈಬ್ರರಿಗೆ ರಜೆ. ಮಧ್ಯಾಹ್ನ ಊಟ ಮುಗಿಸಿ ಟೀಚರ್ ಒಳಗಿನ ಕೋಣೆಯಲ್ಲಿ ಅಡ್ಡಾಗಿದ್ದರು. ಕನ್ನಡಕ ಬಿಚ್ಚಿ ಪೇಪರಿನ ಮೇಲಿಟ್ಟು ಮಲಗಿದ್ದವರಿಗೆ ಇದ್ದಕ್ಕಿದ್ದಂತೆ ಎಚ್ಚರವಾಯಿತು. ಹಿತ್ತಿಲ ಕಡೆಯಿಂದ ಒಂದು ಮಗು ಓದುವ ದನಿ. ಆಹಾ, ಎಂಥ ಓದು! ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಓಡಬೇಕೋ ಅಲ್ಲಿ ಓಡಿ, ಕಥೆಯೊಳಗಿನ ಮುದುಕನಿಗೊಂದು ದನಿ, ಕತ್ತೆಗೊಂದು ದನಿ. ತಾವೇ ಮನೆಗೆ ತಂದಿಟ್ಟಿದ್ದ ಮೇಲಿನ ಸಾಲಿನ ಪುಸ್ತಕ ಅದು, ಟೀಚರಿಗೆ ಕೇಳಿದ ಕೂಡಲೇ ಗುರುತು ಸಿಕ್ಕಿತು. ಯಾರ ಮನೆ ಮಗುವಪ್ಪಾ ಇದು, ಅಂತ ಮಲಗಿದ್ದಲ್ಲೇ ಹಿಗ್ಗಿದರು. ಮರುಕ್ಷಣ ದನಿ ಯಾರದೆಂದು ಹೊಳೆಯಿತು.

ಎದ್ದು ಹೋಗಿ ನೋಡಿದರೆ ಹಿತ್ತಿಲ ಮೆಟ್ಟಿಲ ಮೇಲೆ ಚೂಟಿ. ಎದುರಿಗೆ ಮೂರು ದಿಂಬುಗಳನ್ನು ಸಾಲಾಗಿ ಕೂರಿಸಿಕೊಂಡಿದ್ದಾಳೆ. ಟೀಚರ ಆಟ ಆಡುತ್ತಿದ್ದಾಳೆ, ಅದಕ್ಕೇ ಅಜ್ಜಿಯ ಕನ್ನಡಕ ಎತ್ತಿಕೊಂಡು ಹೋಗಿ ಮೂಗಿಗೇರಿಸಿದ್ದಾಳೆ. ಅದು ಜಾರದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು, ಹೊರಗಿನ ಪ್ರಪಂಚವೇ ಮರೆತು ಓದುತ್ತಿದ್ದಾಳೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ಟೀಚರ ಕಣ್ಣಿಗೆ ಕನ್ನಡಕ ಬೀಳಲೇ ಇಲ್ಲ. ಬಿದ್ದದ್ದು ಒಂದೇ: ಇವಳಿಗೆ ಓದಲು ಬರುತ್ತದೆ! ಎರಡು ವರ್ಷದಿಂದ ಬರುತ್ತಿತ್ತು! ಊರವರ ಮುಂದೆ ನನ್ನ ಮಾನ ಕಳೆಯಲೆಂದೇ ಈ ಪುಟ್ಟ ರಾಕ್ಷಸಿ ಬಾರದವಳ ಹಾಗೆ ನಾಟಕವಾಡಿದಳು!

ಪಟಾರನೆ ಕೆನ್ನೆಗೆ ಬಿತ್ತು. ಕನ್ನಡಕ ಹಾರಿ ದಿಂಬಿನ ಮೇಲೆ ಹೋಗಿ ಬಿತ್ತು.

"ನಾಟಕ ಆಡ್ತೀಯಾ? ನನ್ನ ಹತ್ರ ನಾಟಕ ಆಡ್ತೀಯಾ? ಓದು ಈಗ! ಅದೇ ಪುಟ ಓದು!"

ಚೂಟಿ ಪುಸ್ತಕ ಎತ್ತಿಕೊಂಡಳು. ಕಣ್ಣಲ್ಲಿ ನೀರು ಬೇರೆ. ತೊದಲಿದಳು. ಕೈ ಉದ್ದ ಮಾಡಿ ಪುಸ್ತಕ ದೂರ ಹಿಡಿದಳು. ಒಂದು ಪದ, ಅರ್ಧ ಪದ.

"ಹಟ! ಎಷ್ಟು ಹಟ ನೋಡು!" ಇನ್ನೊಂದು ಬಿತ್ತು.

ಮೆಷಿನ್ನಿನ ಸದ್ದು ನಿಂತಿತು. ಸೊಸೆ ಹಿತ್ತಿಲಿಗೆ ಬಂದಳು. ಅತ್ತೆಯ ಮುಖ ನೋಡಿದಳು, ಮಗಳ ಕೆನ್ನೆ ನೋಡಿದಳು, ದಿಂಬಿನ ಮೇಲೆ ಬಿದ್ದಿದ್ದ ಕನ್ನಡಕ ನೋಡಿದಳು. ಕನ್ನಡಕ ಎತ್ತಿ, ತನ್ನ ಬಟ್ಟೆಯ ಅಂಚಿನಲ್ಲಿ ಒರೆಸಿ, ಮಗಳ ಕಣ್ಣೂ ಒರೆಸಿ, ಅದನ್ನು ಅವಳ ಮೂಗಿನ ಮೇಲಿಟ್ಟು, ಜಾರದಂತೆ ಎರಡೂ ಕಡೆ ತಾನೇ ಹಿಡಿದುಕೊಂಡಳು.

"ಓದು ಮಗಳೇ" ಅಂದಳು.

ಚೂಟಿ ಬಿಕ್ಕುತ್ತಲೇ ಓದಿದಳು. ಮುದುಕ ಕತ್ತೆಗೆ ಬೈದ. ಕತ್ತೆ ಮುದುಕನಿಗೆ ತಿರುಗಿ ಹೇಳಿತು. ಒಂದು ಪದವೂ ತಪ್ಪಲಿಲ್ಲ. ಸೊಸೆ ಕನ್ನಡಕ ತೆಗೆದಳು, ಮಗು ನಿಂತುಬಿಟ್ಟಿತು. ಮತ್ತೆ ಇಟ್ಟಳು, ಮಗು ಓದಿತು. ಅತ್ತೆಗೆ ಅರ್ಥವಾಗಲಿ ಅಂತ ಹಾಗೆ ನಾಲ್ಕು ಸಲ ಮಾಡಿದಳು. ಎರಡನೇ ಸಲಕ್ಕೇ ಟೀಚರ್ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ಆದರೂ ಸೊಸೆ ನಾಲ್ಕು ಸಲ ಮಾಡಿದಳು.

ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಟೀಚರ್ ತಾನೂ ಬರುತ್ತೇನೆ ಅಂತ ಹಟ ಹಿಡಿದು ಹೋದರು. ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಅರ್ಧ ಗಂಟೆ ಪರೀಕ್ಷೆ ಮಾಡಿ, ದೀಪ ಆರಿಸಿ, ಹಚ್ಚಿ, ಕೊನೆಗೆ ಕುರ್ಚಿ ಎಳೆದುಕೊಂಡು ಕೂತರು.

"ಹುಟ್ಟಿನಿಂದಲೇ ಇರೋ ತೊಂದರೆ ಇದು. ದೂರದ ದೊಡ್ಡ ಅಕ್ಷರ ಕಾಣುತ್ತೆ, ಹತ್ತಿರದ ಸಣ್ಣದು ಕಲಸಿಹೋಗುತ್ತೆ. ಕನ್ನಡಕ ಕೊಡ್ತೀನಿ. ಎಡಗಣ್ಣು ದಾರಿಗೆ ಬರುತ್ತೆ. ಬಲಗಣ್ಣು ಮಾತ್ರ ಕಷ್ಟಪಟ್ಟು ಕಷ್ಟಪಟ್ಟು ನೋಡೋದನ್ನೇ ಬಿಟ್ಟುಬಿಟ್ಟಿದೆ. ಪ್ರಯತ್ನ ಮಾಡೋಣ, ಆದ್ರೆ ಪೂರ್ತಿ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಒಂದೆರಡು ವರ್ಷ ಮುಂಚೆ ಬಂದಿದ್ರೆ ಬೇರೆ ಮಾತು."

ಸೊಸೆ ಅತ್ತೆಯ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೂ ಟೀಚರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಡಾಕ್ಟರು ಚೀಟಿ ಬರೆಯುತ್ತಾ, ಸಹಜವಾಗಿ ಕೇಳಿದರು: "ಮಗು ಪುಸ್ತಕ ಹೇಗೆ ಹಿಡ್ಕೊಳ್ಳುತ್ತೆ ಅಂತ ನೋಡಿದ್ರೇ ಗೊತ್ತಾಗ್ತಿತ್ತಲ್ಲ. ಮನೇಲಿ ಓದು ಬರಹ ಬಲ್ಲವರು ಯಾರೂ ಇಲ್ವಾ?"

"ಇದಾರೆ, ನಮ್ಮಜ್ಜಿ ಲೈಬ್ರರಿ ಟೀಚರ್" ಅಂದಳು ಚೂಟಿ. ಅವಳು ಚುಚ್ಚಲು ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಡಾಕ್ಟರು ಪೆನ್ನು ನಿಲ್ಲಿಸಿ ಮೂಲೆಯ ಕುರ್ಚಿಯತ್ತ ನೋಡಿದರು. ಟೀಚರ್ ತಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಅದರ ಮಾರನೇ ದಿನ ಲೈಬ್ರರಿಗೆ ಹೋದವರೇ ಟೀಚರ್ ಒಂದು ಕೆಲಸ ಮಾಡಿದರು. ಕೆಳಗಿನ ಸಾಲಿನಲ್ಲೇ ಉಳಿದಿದ್ದ ಮಕ್ಕಳನ್ನೆಲ್ಲ ಕರೆದು, ಒಬ್ಬೊಬ್ಬರ ಮೂಗಿಗೂ ತಮ್ಮ ಕನ್ನಡಕ ಹಾಕಿ ಓದಿಸಿದರು. ಹನ್ನೊಂದು ಮಕ್ಕಳು. ಅಯ್ಯೋ, ಒಬ್ಬರಾದರೂ ಸರಾಗ ಓದಬಾರದಿತ್ತೇ! ಇನ್ನೊಬ್ಬರ ಮಗುವಿಗೂ ಹೀಗೇ ಆಗಿತ್ತು ನೋಡು, ಇದು ಯಾರಿಗೂ ತಿಳಿಯುವಂಥದ್ದಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಹನ್ನೊಂದಕ್ಕೆ ಹನ್ನೊಂದೂ ಕನ್ನಡಕ ಹಾಕಿದರೆ "ತಲೆ ತಿರುಗುತ್ತೆ ಟೀಚರ್" ಅಂದವು, ಮೊದಲು ಎಲ್ಲಿ ತಡವರಿಸುತ್ತಿದ್ದವೋ ಅಲ್ಲೇ ತಡವರಿಸಿದವು. ಅವರೆಲ್ಲರಿಗೂ ಟೀಚರ ಅಳತೆ ಸರಿಯಾಗೇ ಇತ್ತು. ಅವರಿಗೆ ಗೊತ್ತಾದ ಮಟ್ಟಿಗೆ, ಇಪ್ಪತ್ತೆರಡು ವರ್ಷದಲ್ಲಿ ಅದು ತಪ್ಪಿದ್ದು ಒಂದೇ ಸಲ, ಅದೂ ಸ್ವಂತ ಮನೆಯಲ್ಲಿ.

ಚೂಟಿಗೆ ಕನ್ನಡಕ ಬಂತು. ಎಡಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಕಟ್ಟಿ ಬಲಗಣ್ಣಿಗೆ ಕೆಲಸ ಕೊಡಬೇಕು ಅಂತ ಡಾಕ್ಟರು ಹೇಳಿದ್ದರು. ಟೀಚರ್ ಇನ್ನು ತಡಮಾಡಬಾರದೆಂದು ಪುಸ್ತಕ ಹುಡುಕಲು ಹೊರಟರು. ಪಕ್ಕದ ಊರಿನ ದೊಡ್ಡ ಅಂಗಡಿಗೆ ಬಸ್ಸು ಹತ್ತಿ ಹೋಗಿ, ಅರ್ಧ ದಿನ ನಿಂತು, ಕೈಗೆ ಸಿಕ್ಕಿದ್ದನ್ನೆಲ್ಲ ತೆರೆದು, ಬಾಯಲ್ಲಿ ಗುನುಗಿ, ಒಂದೇ ಒಂದನ್ನು ಆರಿಸಿದರು. ಅಕ್ಷರ ಮಧ್ಯಮ ಗಾತ್ರ, ಗೆರೆಗಳ ನಡುವೆ ಧಾರಾಳ ಜಾಗ, ಮಂಕು ಕಾಗದ, ಒಂದೊಂದು ಅಧ್ಯಾಯ ಒಂದೇ ಸಲಕ್ಕೆ ಮುಗಿಯುವಷ್ಟು ಚಿಕ್ಕದು, ತಮಾಷೆ ಬೇಕಾದಷ್ಟು, ಬುದ್ಧಿಮಾತು ಹುಡುಕಿದರೂ ಇಲ್ಲ. ಇಡೀ ಬದುಕಿನಲ್ಲಿ ಅಷ್ಟು ಚೆನ್ನಾಗಿ ಅವರು ಇನ್ನೊಂದು ಪುಸ್ತಕ ಆರಿಸಿರಲಿಲ್ಲ.

ಮನೆಗೆ ಬಂದು, "ಚೂಟೀ, ನಿನಗೇ ಅಂತ ತಂದೆ ಕಣೇ" ಅಂತ ಕೊಟ್ಟರು.

ಚೂಟಿ ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. ಎಡಗೈ ಬಿಡಿಸಿ ಅಜ್ಜಿಯ ಮುಂದೆ ಚಾಚಿದಳು.

"ಬೇಡ ಪುಟ್ಟಾ, ಅದೆಲ್ಲ ಬೇಡ. ಸುಮ್ನೆ ಓದು."

"ಮಡಚಿ ಟೀಚರ್."

"ನಾನು ಅಜ್ಜಿ ಕಣೇ..."

"ಮಡಚದೆ ಯಾವ ಸಾಲು ಅಂತ ಹೇಗೆ ಗೊತ್ತಾಗುತ್ತೆ?" ಅಂದಳು ಚೂಟಿ. ಅಜ್ಜಿ ಕೈ ಮುಟ್ಟದಿದ್ದಾಗ ಓದಲು ಶುರುಮಾಡಿದಳು. ಮೊದಲ ಪದವನ್ನೇ ತುಂಡು ತುಂಡು ಮಾಡಿ ಓದಿ, ತಾನೇ ಹೆಬ್ಬೆರಳು ಮಡಚಿದಳು. ಎರಡನೆಯದನ್ನೂ ಹಾಗೇ. ಕನ್ನಡಕದೊಳಗಿಂದ ಅವಳ ಕಣ್ಣು ಪುಟದ ಮೇಲೆ ಸರಸರ ಓಡುತ್ತಿದ್ದುದು, ನಗು ಬರುವ ಕಡೆ ತುಟಿ ಅದುರಿದ್ದು ಟೀಚರಿಗೆ ಕಾಣುತ್ತಿತ್ತು. ಬಾಯಿ ಮಾತ್ರ ತಡವರಿಸಿತು. ಐದನೇ ಬೆರಳೂ ಮಡಚಿದ ಮೇಲೆ, ಪುಸ್ತಕ ಮುಚ್ಚಿ ಅಜ್ಜಿಯ ಕಡೆ ತಳ್ಳಿ, "ಕೆಳಗಿನ ಸಾಲು" ಅಂತ ಎದ್ದು ಹೋದಳು.

ಟೀಚರ್ ಸೊಸೆಯ ಹತ್ತಿರ ಹೋದರು. ಜೀವಮಾನದಲ್ಲಿ ಯಾರ ಮುಂದೆಯೂ ತಗ್ಗದ ಹೆಂಗಸು, ಮೆಷಿನ್ನಿನ ಪಕ್ಕ ನಿಂತು ಹೇಳಿದರು: "ತಪ್ಪಾಯ್ತು ಕಣಮ್ಮ. ಅವಳಿಗೆ ಸ್ವಲ್ಪ ಹೇಳು. ನನ್ನೆದುರು ಒಂದು ಪುಟ ಓದಲಿ. ಒಂದೇ ಪುಟ."

ಸೊಸೆ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ನಾನೇನು ಹೇಳಲಿ ಅತ್ತೆ? ನಾನೆಷ್ಟು ಪುಸ್ತಕ ಓದಿದ್ದೀನಿ?" ಅಂದಳು. ದಾರ ಹಲ್ಲಲ್ಲಿ ಕಚ್ಚಿ ತುಂಡರಿಸಿ, ಮುಂದುವರಿಸಿದಳು: "ಇನ್ನು ಮೇಲೆ ಅವಳು ಲೈಬ್ರರಿಗೆ ಬರಲ್ಲ. ಅವಳ ಪುಸ್ತಕ ನಾನು ನೋಡ್ಕೋತೀನಿ." ಮಗ ಅಲ್ಲೇ ಇದ್ದ. ಟೂಲಿನ ಚೀಲ ಹೆಗಲಿಗೇರಿಸಿ ಹೊರಗೆ ಹೋದ.

ಸೊಸೆ ಪುಸ್ತಕ ಆರಿಸುವ ರೀತಿ ಕೇಳಿದರೆ ಟೀಚರ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಬಸ್ ಸ್ಟಾಪಿನ ಹತ್ತಿರ ಹಳೇ ಪುಸ್ತಕ ಗುಡ್ಡೆ ಹಾಕಿಕೊಂಡು ಮಾರುವವನ ಮುಂದೆ ಮಗಳನ್ನು ಕೂರಿಸಿ, "ಯಾವುದು ಬೇಕೋ ತಗೋ" ಅನ್ನುವುದು, ತಾನು ಪಕ್ಕದಲ್ಲಿ ನಿಂತು ಕಾಯುವುದು. ಬರುತ್ತಿದ್ದವೋ, ಕಣ್ಣು ಕುಕ್ಕುವ ಕಾಗದ, ಚಿತ್ರದ ಮೇಲೆಲ್ಲ ಅಕ್ಷರ, ಪ್ರತಿ ಪುಟದಲ್ಲೂ ಬುದ್ಧಿ ಹೇಳುವ ನರಿ. ಟೀಚರ್ ಯಾವುದನ್ನು ಮೂಟೆಗೆ ಎಸೆಯುತ್ತಿದ್ದರೋ ಅಂಥವೇ. ಸ್ಕೂಲಿನಿಂದ ಬಂದ ಕೂಡಲೇ ಚೂಟಿ ಮೆಷಿನ್ನಿನ ಕಾಲ ಬಳಿ ಕೂತು ಅವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಸಂಜೆ ಟೀಚರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಓದು ನಿಲ್ಲುತ್ತಿತ್ತು.

ಹಾಗಾಗಿ ಟೀಚರ್ ಒಂದು ದಾರಿ ಕಂಡುಕೊಂಡರು. ಲೈಬ್ರರಿಯಿಂದ ಒಂದು ಗಂಟೆ ಮೊದಲೇ ಹೊರಡುವುದು. ಮೆಟ್ಟಿಲ ಕೆಳಗೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಕಳ್ಳಿಯ ಹಾಗೆ ಹತ್ತಿ ಬಂದು, ಬಾಗಿಲ ಪರದೆಯ ಹಿಂದೆ ಗೋಡೆಗೆ ಆತು ನಿಲ್ಲುವುದು. ಮೊಣಕಾಲು ನೋಯುತ್ತಿತ್ತು, ಕೂತರೆ ಸದ್ದಾದೀತು ಅಂತ ಕೂರುತ್ತಿರಲಿಲ್ಲ. ಒಳಗೆ ಚೂಟಿ ಓದುತ್ತಿದ್ದಳು, ನರಿಗೊಂದು ದನಿ, ಮೊಲಕ್ಕೊಂದು ದನಿ, ನಡುನಡುವೆ ತಡೆಯಲಾರದೆ ತಾನೇ ನಗುವುದು. ಪರದೆಯ ಸಂದಿಯಲ್ಲಿ ಅವಳ ಕನ್ನಡಕದ ಅಂಚು, ಒಂದು ಕೆನ್ನೆ ಕಾಣುತ್ತಿತ್ತು. ಟೀಚರ್ ಬಾಯಿಗೆ ಬಟ್ಟೆ ಒತ್ತಿಕೊಂಡು ಕೇಳುತ್ತಿದ್ದರು. ಹೀಗೆ ಎರಡು ವಾರ ನಡೆಯಿತು.

ಒಂದು ಸಂಜೆ ಚೂಟಿ ಓದುತ್ತಿದ್ದ ಕಡೆ ಕಥೆ ಬಹಳ ಚೆನ್ನಾಗಿತ್ತೋ, ಅವಳು ಓದಿದ್ದೇ ಹಾಗಿತ್ತೋ, ಟೀಚರಿಗೆ ಬಿಕ್ಕು ತಡೆಯಲಾಗಲಿಲ್ಲ. ಚಿಕ್ಕ ಸದ್ದು. ಒಳಗೆ ಓದು ನಿಂತಿತು.

"ಅಮ್ಮಾ, ಯಾರೋ ಬಂದ ಹಾಗಾಯ್ತು."

ಮೆಷಿನ್ ನಿಂತಿತು. ಸೊಸೆ ಬಾಗಿಲ ಕಡೆ ತಿರುಗಿದಳು. 

ಪರದೆ ನೆಲದವರೆಗೆ ಇರಲಿಲ್ಲ. ಅದರ ಕೆಳಗೆ ಅತ್ತೆಯ ಬರಿಗಾಲುಗಳು, ಧೂಳು ಮೆತ್ತಿಕೊಂಡ ಬೆರಳುಗಳು ಅವಳಿಗೆ ಕಂಡವು. ಸೊಸೆ ಕಂಡುಬಿಟ್ಟಳು ಅನ್ನುವುದು ಪರದೆಯ ಸಂದಿಯಿಂದ ಟೀಚರಿಗೂ ಗೊತ್ತಾಯಿತು. ಬೈಯಲಿ, ಕೂಗಾಡಲಿ, ‘ಬನ್ನಿ ಅತ್ತೆ’ ಅಂತ ಒಂದು ಮಾತು ಅಂದುಬಿಡಲಿ ಅಂತ ಟೀಚರ್ ಕಾದರು. ಒಂದು ಕೈ ಆಗಲೇ ಪರದೆ ಸರಿಸಲು ಮೇಲೆದ್ದಿತ್ತು.

ಸೊಸೆ ಆ ಕಾಲುಗಳನ್ನು ಸಾಕಷ್ಟು ಹೊತ್ತು ನೋಡಿದಳು. ಆಮೇಲೆ ಮೆಷಿನ್ನಿನ ಕಡೆ ತಿರುಗಿ ಸೂಜಿಯ ಕೆಳಗೆ ಬಟ್ಟೆ ಸರಿಮಾಡಿಕೊಂಡಳು.

"ಯಾರೂ ಇಲ್ಲ ಮಗಳೇ, ನೀನು ಓದು" ಅಂದಳು.